ಬೆಲ್ಲದ ಪೇಟೆಯೂ ಬಿಟ್ಟಿಯ ನೊಗವೂ: ಶಾಹು ಛತ್ರಪತಿಗಳ ಬಾಳು

ಕೃಷ್ಣಾನದಿಯ ದಂಡೆಯ ಉಗಾರ ಬುದ್ರುಕದಿಂದ ರಾಯಬಾಗದವರೆಗೂ, ಅಲ್ಲಿಂದ ಚಿಕ್ಕೋಡಿ, ನಿಪ್ಪಾಣಿಗಳವರೆಗೂ ಹಬ್ಬಿದ ನಾಡು ಇಂದು ಒಂದೇ ರಾಜ್ಯದ ಆಡಳಿತಕ್ಕೆ ಒಳಪಟ್ಟಿದೆ. ನೂರು ವರ್ಷಗಳ ಹಿಂದೆ ಇದು ಹೀಗಿರಲಿಲ್ಲ. ಚಿಕ್ಕೋಡಿ, ಅಥಣಿ ತಾಲೂಕುಗಳು ಇಂಗ್ರಜರ ಮುಂಬಯಿ ಇಲಾಖೆಗೆ ಸೇರಿದ್ದವು. ರಾಯಬಾಗವು ಕೊಲ್ಹಾಪುರ ಸಂಸ್ಥಾನದ ಮಹಾಲಾಗಿತ್ತು. ಇವುಗಳ ನಡುನಡುವೆ ಪಟವರ್ಧನ ಮನೆತನಗಳ ಜಹಗೀರುಗಳು ಚದುರಿಕೊಂಡಿದ್ದವು. ರೈತನೊಬ್ಬನು ತನ್ನ ಮಾಲನ್ನು ಗಾಡಿಯಲ್ಲಿ ಹೇರಿಕೊಂಡು ಪೇಟೆಗೆ ಹೊರಟರೆ ಒಂದೇ ಹಗಲಿನಲ್ಲಿ ಎರಡು ಮೂರು ಸರಕಾರಗಳ ಸೀಮೆಯನ್ನು ದಾಟಬೇಕಾಗುತ್ತಿತ್ತು. ಆದರೆ ಸೀಮೆ ಯಾವುದಿದ್ದರೂ ಸಾಲ ಒಂದೇ ಬಗೆಯದಾಗಿತ್ತು, ಬಿಟ್ಟಿ ದುಡಿತವೂ ಒಂದೇ ಬಗೆಯದಾಗಿತ್ತು. ಈ ಎರಡನ್ನೂ ಒಂದೇ ರೋಗದ ಎರಡು ಲಕ್ಷಣಗಳೆಂದು ಕಂಡುಕೊಂಡು, ತನ್ನ ಕೈಗೆಟುಕಿದಷ್ಟು ಮಟ್ಟಿಗೆ ಮದ್ದು ಹುಡುಕಿದ ಅರಸರೊಬ್ಬರು ಈ ಭಾಗದಲ್ಲಿಯೇ ಆಗಿಹೋದರು. ಅವರೇ ಕೊಲ್ಹಾಪುರದ ಶಾಹು ಛತ್ರಪತಿಗಳು.

ಶಾಹು ಮಹಾರಾಜರನ್ನು ನಾವು ಸಾಮಾನ್ಯವಾಗಿ ಸಮಾಜ ಸುಧಾರಕರೆಂದು ನೆನೆಯುತ್ತೇವೆ. ಅಸ್ಪೃಶ್ಯತೆಯ ನಿವಾರಣೆ, ವಿದ್ಯಾರ್ಥಿನಿಲಯಗಳು, ನೌಕರಿಯಲ್ಲಿ ಮೀಸಲಾತಿ ಇವೇ ಅವರ ಹೆಸರಿನೊಡನೆ ಹೊಂದಿಕೊಂಡು ಬಂದಿವೆ. ಅವರು ಬೆಲ್ಲದ ಪೇಟೆಯನ್ನು ಕಟ್ಟಿದವರು, ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟವರು, ನೂಲಿನ ಗಿರಣಿಯನ್ನು ತೆರೆದವರು ಎಂಬ ಇನ್ನೊಂದು ಮುಖವು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಈ ಎರಡು ಮುಖಗಳನ್ನು ಜೊತೆಗಿಟ್ಟು ನೋಡಿದಾಗಲೇ ಅವರ ಬಾಳಿನ ಅರ್ಥವು ಪೂರ್ಣವಾಗಿ ತಿಳಿಯುವುದು.

ಅವರು ಹುಟ್ಟಿದ್ದು 1874ನೆಯ ಇಸವಿಯ ಜೂನ್ 26ರಂದು, ಕಾಗಲದ ಘಾಟಗೆ ಮನೆತನದಲ್ಲಿ. ಕಾಗಲವು ನಿಪ್ಪಾಣಿಗೆ ನೆರೆಯ ಊರು. ತಂದೆ ಜಯಸಿಂಗರಾವ ಆಬಾಸಾಹೇಬರು ಕಾಗಲದ ಜಹಗೀರದಾರರು. ತಾಯಿ ರಾಧಾಬಾಯಿಯವರು ನಮ್ಮ ಮುಧೋಳದ ಘೋರ್ಪಡೆ ಅರಸರ ಮಗಳು. ಹುಟ್ಟುಹೆಸರು ಯಶವಂತರಾವ. ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ಆ ವರ್ಷಗಳೇ ದಕ್ಷಿಣದ ಮಹಾಕ್ಷಾಮದ ವರ್ಷಗಳು. 1876ರಿಂದ 1878ರವರೆಗೆ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ ಹಸಿವಿನಿಂದ ಸತ್ತವರಿಗೆ ಲೆಕ್ಕವಿಲ್ಲ.

ಆ ಕ್ಷಾಮವು ಮಳೆಯ ಮುನಿಸಿನಿಂದ ಮಾತ್ರ ಬಂದುದಲ್ಲ. ಇಂಗ್ರಜರ ಜಮೀನು ಪಾಹಣಿಯ ತರುವಾಯ ಕಂದಾಯವನ್ನು ನಿಗದಿತ ಹಂಗಾಮಿನಲ್ಲಿ ರೊಕ್ಕದ ರೂಪದಲ್ಲಿಯೇ ತೆರಬೇಕಾಯಿತು. ಹಗೇವಿನಲ್ಲಿ ಜೋಳ ತುಂಬಿದ್ದರೂ ಕೈಯಲ್ಲಿ ರೂಪಾಯಿ ಇಲ್ಲದವನು ಸಾವಕಾರನ ಬಾಗಿಲಿಗೆ ಹೋಗಲೇಬೇಕಾಯಿತು. ರೂಪಾಯಿ ತರುವ ಬೆಳೆಯೆಂದರೆ ಹತ್ತಿ, ಹೊಗೆಸೊಪ್ಪು, ಕಬ್ಬು. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿಯು ಇಂಗ್ಲಂಡಕ್ಕೆ ಬಾರದಂತಾದಾಗ ಧಾರವಾಡದ ಸೀಮೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಕುಮಟಾ ಬಂದರದಲ್ಲಿ ಅಂಡಿಗೆಗಳು ಗುಡ್ಡದಂತೆ ಬಿದ್ದವು. ಯುದ್ಧ ಮುಗಿಯಿತು, ಬೆಲೆಯೂ ಕುಸಿಯಿತು. ಬೆಲೆಯೇರಿದ ಕಾಲದಲ್ಲಿ ಮಾಡಿದ ಸಾಲವು ಮಾತ್ರ ಇಳಿಯದೆ ಉಳಿಯಿತು. 1875ರಲ್ಲಿ ಪುಣೆ, ಅಹಮದನಗರಗಳ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟುದಕ್ಕೆ ಇದೇ ಹಿನ್ನೆಲೆ.

ಹೊಲವಿದ್ದ ರೈತನ ಪಾಡೇ ಹೀಗಾದರೆ ಹೊಲವಿಲ್ಲದವರ ಪಾಡನ್ನು ಹೇಳುವುದೇನು? ಅಡವಿಯ ಅಂಚಿನಲ್ಲಿ ಬೇಟೆಯಿಂದಲೂ ಊರ ಕಾವಲಿನಿಂದಲೂ ಬಾಳಿದ ಬೇಡರು, ಬಲೆಯೊಡ್ಡಿ ಜಿಂಕೆ ಹಿಡಿಯುತ್ತಿದ್ದ ಹರಣಶಿಕಾರಿಗಳು, ಅಂದರೆ ಫಾಸೆ ಪಾರಧಿಗಳು, ಊರ ಹೊರಗಿನ ಮಹಾರರು, ಮಾಂಗರು ಇವರಲ್ಲಿ ಯಾರಿಗೂ ಹತ್ತಿಯ ಬೆಲೆಯಲ್ಲಿ ಪಾಲಿರಲಿಲ್ಲ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಸರಕಾರಕ್ಕೆ ಎದುರು ನಿಂತು ಸುಟ್ಟು ಬೂದಿಯಾದ ಕಥೆ ಕನ್ನಡಿಗರಿಗೆಲ್ಲ ಗೊತ್ತು. 1878ರ ಅರಣ್ಯ ಕಾಯಿದೆಯು ಅಡವಿಯ ಬಾಗಿಲನ್ನು ಮುಚ್ಚಿತು. 1871ರಲ್ಲಿ ಉತ್ತರ ಹಿಂದುಸ್ತಾನದಲ್ಲಿ ಆರಂಭವಾಗಿ 1911ರಲ್ಲಿ ದೇಶಕ್ಕೆಲ್ಲ ಹಬ್ಬಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡಿಯ ಜಾತಿಗಳನ್ನೇ ಹುಟ್ಟುಗಳ್ಳರೆಂದು ದಾಖಲೆಗೆ ಏರಿಸಿತು. ಸೋಲಾಪುರ, ಹುಬ್ಬಳ್ಳಿ ಮೊದಲಾದ ಊರುಗಳಲ್ಲಿ ಅವರನ್ನು ಸೆಟ್ಲಮೆಂಟುಗಳಲ್ಲಿ ಕೂಡಿಹಾಕಲಾಯಿತು. ಹತ್ತಿಯ ವ್ಯಾಪಾರದಲ್ಲಿ ಅವರಿಗೆ ದೊರೆತ ಪಾಲೆಂದರೆ ಗಿರಣಿಯ ಕೂಲಿ ಮತ್ತು ದಿನದ ಹಾಜರಿ.

ಇಂತಹ ಕಾಲದಲ್ಲಿ ಯಶವಂತರಾವನು ಹತ್ತು ವರ್ಷದ ಬಾಲಕನಾಗಿದ್ದಾಗ, 1884ರ ಮಾರ್ಚ್ 17ರಂದು, ಕೊಲ್ಹಾಪುರದ ನಾಲ್ಕನೆಯ ಶಿವಾಜಿಯವರ ವಿಧವೆ ಆನಂದೀಬಾಯಿಯವರು ಅವನನ್ನು ದತ್ತಕಕ್ಕೆ ತೆಗೆದುಕೊಂಡರು. ಆ ದಿನದಿಂದ ಶಾಹು ಎಂಬ ಹೆಸರಾಯಿತು. ಎರಡು ವರ್ಷಗಳಲ್ಲಿ ಹೆತ್ತ ತಂದೆಯೂ ತೀರಿಕೊಂಡರು. ರಾಜಕೋಟದ ರಾಜಕುಮಾರ ಕಾಲೇಜಿನಲ್ಲಿ ಕೆಲವು ವರ್ಷ ಓದಿದ ಮೇಲೆ ಅವರ ಶಿಕ್ಷಣವು ಮುಂದುವರಿದುದು ನಮ್ಮ ಧಾರವಾಡದಲ್ಲಿ. ಅಲ್ಲಿ ಅವರ ಗುರುಗಳಾಗಿದ್ದವರು ಸ್ಟುವರ್ಟ್ ಫ್ರೇಜರ ಎಂಬ ಇಂಗ್ರಜ ಅಧಿಕಾರಿಗಳು. ಇದೇ ಫ್ರೇಜರ ಸಾಹೇಬರು ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು. ದಕ್ಷಿಣದ ಇಬ್ಬರು ಪ್ರಗತಿಪರ ಅರಸರು ಒಬ್ಬನೇ ಗುರುವಿನ ಶಿಷ್ಯರಾದುದು ಗಮನಿಸತಕ್ಕ ಸಂಗತಿ. ಭಾವನಗರದ ರಾಜಕುಮಾರ ಭಾವಸಿಂಹಜಿಯವರು ಧಾರವಾಡದಲ್ಲಿ ಶಾಹು ಅವರ ಸಹಪಾಠಿಯಾಗಿದ್ದರು. 1894ರ ಏಪ್ರಿಲ್ 2ರಂದು, ಇನ್ನೂ ಇಪ್ಪತ್ತು ತುಂಬದ ಪ್ರಾಯದಲ್ಲಿ, ಶಾಹು ಅವರು ರಾಜ್ಯಾಧಿಕಾರವನ್ನು ವಹಿಸಿಕೊಂಡರು.

ಅಧಿಕಾರಕ್ಕೆ ಬಂದ ಮರುವರ್ಷವೇ ಅವರು ಕೈಕೊಂಡ ಕೆಲಸವು ಒಂದು ಪೇಟೆಯನ್ನು ಕಟ್ಟುವುದು. ಪಂಚಗಂಗೆಯ ಬಯಲಿನಲ್ಲಿ ಕಬ್ಬು ಚೆನ್ನಾಗಿ ಬೆಳೆಯುತ್ತಿತ್ತು. ಗಾಣದಿಂದ ಇಳಿದ ಬೆಲ್ಲದ ಪೆಂಟೆಗಳಿಗೆ ಹೊರನಾಡುಗಳಲ್ಲಿಯೂ ಬೇಡಿಕೆಯಿತ್ತು. 1891ರಲ್ಲಿ ಮೀರಜದಿಂದ ಕೊಲ್ಹಾಪುರಕ್ಕೆ ರೈಲುದಾರಿಯೂ ಬಂದಿತ್ತು. ಆದರೆ ರೈತನ ಕೈಯಿಂದ ರೈಲು ಡಬ್ಬಿಯವರೆಗಿನ ನಡುವಣ ದಾರಿಯೆಲ್ಲ ದಲಾಲರ ವಶದಲ್ಲಿತ್ತು. ಗಾಣಕ್ಕೆ ಮುಂಗಡ ಕೊಟ್ಟವನೇ ಬೆಲೆಯನ್ನೂ ಕಟ್ಟುವನು, ತೂಕವನ್ನೂ ಹಿಡಿಯುವನು. ರಾಜಧಾನಿಯಲ್ಲಿಯೇ ಒಂದು ದೊಡ್ಡ ಪೇಟೆಯಿದ್ದು ಅಲ್ಲಿ ಕೊಳ್ಳುವವರು ಹಲವರಾದರೆ ರೈತನು ಒಬ್ಬನ ಮುಷ್ಟಿಯಿಂದಾದರೂ ಪಾರಾಗಬಹುದು. ಹೀಗೆ 1895ರಲ್ಲಿ ಶಾಹುಪುರಿ ಎಂಬ ಬೆಲ್ಲದ ಪೇಟೆಯು ಹುಟ್ಟಿತು. ಕೊಲ್ಹಾಪುರದ ಬೆಲ್ಲವೆಂಬ ಹೆಸರು ದೂರದೂರಕ್ಕೆ ಹೋದುದು ಈ ಪೇಟೆಯಿಂದ.

ಪೇಟೆಯ ಕಟ್ಟಡಗಳಿಗೆ ಇನ್ನೂ ಮಾಡು ಹೊದಿಸುತ್ತಿರುವಾಗಲೇ 1896ರ ಬರ ಬಂದಿತು, ಅದರ ಬೆನ್ನಿಗೆ ಪ್ಲೇಗು ಬಂದಿತು. ತರುಣ ಮಹಾರಾಜರು ಹಳ್ಳಿಹಳ್ಳಿಗೆ ತಿರುಗಿದರು. ಸೋವಿ ದರದ ಧಾನ್ಯದ ಅಂಗಡಿಗಳನ್ನು ತೆರೆಸಿದರು. ರೈತರಿಗೆ ತಗಾವಿ ಕೊಡಿಸಿದರು. ಬಾವಿ, ಕೆರೆಗಳ ಕೆಲಸಗಳನ್ನು ಹೂಡಿ ಕೂಲಿ ಹುಟ್ಟಿಸಿದರು. ಪೇಟೆಯೊಂದರಿಂದಲೇ ಬಡವನ ಹೊಟ್ಟೆ ತುಂಬದು. ಬೆಲೆಯೇರಿದಾಗ ಕೊಳ್ಳುವ ಶಕ್ತಿಯಿಲ್ಲದವನಿಗೆ ಪೇಟೆಯೇ ಯಮನಾಗುತ್ತದೆ ಎಂಬ ಪಾಠವು ಅವರಿಗೆ ಆ ಪ್ರವಾಸದಲ್ಲಿ ದೊರೆತಿರಬೇಕು.

1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ಅವರು ಇಂಗ್ಲಂಡಕ್ಕೆ ಹೋದರು. ಕೇಂಬ್ರಿಜ್ ವಿಶ್ವವಿದ್ಯಾಲಯವು ಗೌರವ ಪದವಿಯನ್ನಿತ್ತಿತು. ಅಲ್ಲಿಂದ ಹಿಂದಿರುಗಿದ ಮೇಲೆ ನೀರಾವರಿಯ ವಿಚಾರವು ಅವರ ಮನಸ್ಸನ್ನು ಹಿಡಿಯಿತು. 1906ರಲ್ಲಿ ಕೊಲ್ಹಾಪುರದಲ್ಲಿ ನೂಲಿನ ಗಿರಣಿಯು ಸ್ಥಾಪಿತವಾಯಿತು. ಹತ್ತಿಯನ್ನು ಹೊರಕ್ಕೆ ಕಳಿಸಿ ಬಟ್ಟೆಯನ್ನು ಒಳಕ್ಕೆ ತರಿಸಿಕೊಳ್ಳುವುದಕ್ಕಿಂತ ಊರಲ್ಲಿಯೇ ನೂಲುವುದು ಲೇಸೆಂಬುದು ಇದರ ಹಿಂದಿನ ಎಣಿಕೆ. ಪನ್ಹಾಳದ ಗುಡ್ಡಗಳಲ್ಲಿ ಚಹ, ಕಾಫಿಗಳನ್ನು ಬೆಳೆಸಿ ನೋಡಿದರು. ಭೋಗಾವತಿ ನದಿಗೆ ದೊಡ್ಡದೊಂದು ಒಡ್ಡು ಹಾಕುವ ಯೋಜನೆಯು ರೂಪುಗೊಂಡು, ಅದರ ಬಳಿ ಎದ್ದ ಹೊಸ ಊರಿಗೆ ಮಗಳ ಹೆಸರಿನಿಂದ ರಾಧಾನಗರಿಯೆಂದು ಹೆಸರಾಯಿತು. 1913ರಲ್ಲಿ ಕೊಲ್ಹಾಪುರದಲ್ಲಿ ಅರ್ಬನ್ ಸಹಕಾರಿ ಸಂಘವು ಹುಟ್ಟಿಕೊಂಡಿತು. ಉಗಾರದ ಕಡೆಯಿಂದ ಹೆಚ್ಚು ದೂರವಿಲ್ಲದ ಬಯಲಿನಲ್ಲಿ, ರೈಲುದಾರಿಯ ಮಗ್ಗುಲಲ್ಲಿ, ತಂದೆಯ ನೆನಪಿಗಾಗಿ ಜಯಸಿಂಗಪುರವೆಂಬ ವ್ಯಾಪಾರದ ಊರನ್ನು ಅವರು ಕಟ್ಟಿಸಿದರು.

ಇಷ್ಟೇ ಆಗಿದ್ದರೆ ಶಾಹು ಅವರು ಸಂಸ್ಥಾನದ ಉತ್ಪನ್ನವನ್ನು ಹೆಚ್ಚಿಸಿದ ದಕ್ಷ ಅರಸರಲ್ಲಿ ಒಬ್ಬರೆನಿಸಿಕೊಂಡು ಉಳಿಯುತ್ತಿದ್ದರು. ಆದರೆ ಅವರ ದೃಷ್ಟಿ ಇನ್ನೊಂದು ಪ್ರಶ್ನೆಯ ಮೇಲೆ ನೆಟ್ಟಿತು. ಪೇಟೆಗೆ ಬಂದ ಹಣವು ಯಾರ ಮನೆಯನ್ನು ಸೇರುತ್ತದೆ? ಅಕ್ಷರ ಬಲ್ಲವನು ಲೆಕ್ಕ ಬರೆಯುತ್ತಾನೆ. ಲೆಕ್ಕ ಬರೆಯುವವನೇ ಹೊಲದ ದಾಖಲೆಯನ್ನು ಇಡುತ್ತಾನೆ. ಹೊಲವುಳ್ಳವನು ಸಾಲದಿಂದಲಾದರೂ ಬೆಳೆ ತೆಗೆಯುತ್ತಾನೆ. ಹೊಲವಿಲ್ಲದವನು ಬಿಟ್ಟಿ ದುಡಿಯುತ್ತಾನೆ. ಮಹಾರಾಜರು ಪಟ್ಟಕ್ಕೆ ಬಂದಾಗ ಸಂಸ್ಥಾನದ ಆಡಳಿತದ 71 ಹುದ್ದೆಗಳಲ್ಲಿ 60 ಹುದ್ದೆಗಳು ಒಂದೇ ವರ್ಣದವರ ಕೈಯಲ್ಲಿದ್ದವು. 1899ರಲ್ಲಿ ಆರಂಭವಾದ ವೇದೋಕ್ತ ವಿವಾದದಲ್ಲಿ ಅರಮನೆಯ ಪುರೋಹಿತರೇ ಅರಸನನ್ನು ಶೂದ್ರನೆಂದು ಎಣಿಸಿದಾಗ ಈ ವ್ಯವಸ್ಥೆಯ ಬೇರು ಎಷ್ಟು ಆಳಕ್ಕೆ ಇಳಿದಿದೆಯೆಂಬುದು ಅವರಿಗೆ ಸ್ವಾನುಭವದಿಂದ ತಿಳಿಯಿತು. 1902ರ ಜುಲೈ 26ರಂದು ಅವರು ಹೊರಡಿಸಿದ ಆಜ್ಞೆಯು ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50 ಸ್ಥಾನಗಳನ್ನು ಹಿಂದುಳಿದ ಜನಾಂಗಗಳಿಗೆ ಮೀಸಲಿರಿಸಿತು.

ಮೀಸಲಿಟ್ಟ ಸ್ಥಾನವನ್ನು ತುಂಬಲು ಓದಿದವರು ಬೇಕಲ್ಲವೆ? ಅದಕ್ಕಾಗಿ ವಿದ್ಯಾರ್ಥಿನಿಲಯಗಳು ಒಂದರ ಬೆನ್ನಿಗೊಂದು ಎದ್ದವು. ಮರಾಠರು, ಜೈನರು, ಲಿಂಗಾಯತರು, ಮುಸಲ್ಮಾನರು, ಅಸ್ಪೃಶ್ಯರು ಹೀಗೆ ಎಲ್ಲ ಜನಾಂಗದ ಹಳ್ಳಿಯ ಹುಡುಗರಿಗೂ ಕೊಲ್ಹಾಪುರದಲ್ಲಿ ಅನ್ನವೂ ಆಸರೆಯೂ ದೊರೆತವು. ಕೊಲ್ಹಾಪುರದ ಕಾರ್ಯಗಳಲ್ಲಿ ಪಾಲ್ಗೊಂಡು, ಮುಂದೆ ಮಹಾರಾಜರ ಚರಿತ್ರೆಯನ್ನು ಬರೆದು, 1937ರಲ್ಲಿ ಮುಂಬಯಿ ಸರಕಾರದ ಅರ್ಥಮಂತ್ರಿಗಳಾದ ಅಣ್ಣಾಸಾಹೇಬ ಲಠ್ಠೆಯವರ ಹೆಸರು ಬೆಳಗಾವಿಯ ವಾಚಕರಿಗೆ ಹೊಸದಲ್ಲ. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆದುದೆಂದು ಸಾರಲಾಯಿತು. ಮಗುವನ್ನು ಶಾಲೆಗೆ ಕಳಿಸದ ತಂದೆತಾಯಿಗಳಿಗೆ ತಿಂಗಳಿಗೆ 1 ರೂಪಾಯಿ ದಂಡವಿತ್ತು. 1919ರಲ್ಲಿ ಅಸ್ಪೃಶ್ಯರ ಬೇರೆ ಶಾಲೆಗಳನ್ನು ಮುಚ್ಚಿಸಿ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕುಳಿತುಕೊಳ್ಳುವಂತೆ ಮಾಡಿದರು.

ಶಾಲೆಯ ಫಲ ಕೈಗೆ ಬರಲು ಒಂದು ತಲೆಮಾರು ಬೇಕು. ಅಷ್ಟರವರೆಗೆ ಕಾಯುವ ತಾಳ್ಮೆ ಮಹಾರಾಜರಿಗಿರಲಿಲ್ಲ. 1918 ಅವರ ಆಳಿಕೆಯಲ್ಲಿ ಅತಿ ಮಹತ್ವದ ವರ್ಷವೆನ್ನಬಹುದು. ಆ ವರ್ಷ ಅವರು ಹಳ್ಳಿಯ ಹಳೆಯ ಕಟ್ಟಳೆಗೇ ಕೈ ಹಾಕಿದರು. ಮಹಾರ ವತನವೆಂಬುದು ಹೊರನೋಟಕ್ಕೆ ಭೂಮಿಯ ದಾನ. ಒಳನೋಟಕ್ಕೆ ದಾಸ್ಯದ ಸಂಕೋಲೆ. ಊರ ಚಾಕರಿಗಾಗಿ ಎಂದೋ ಕೊಟ್ಟ ಒಂದು ತುಂಡು ಭೂಮಿಯು ತಲೆಮಾರುಗಳಲ್ಲಿ ಹಂಚಿಹೋಗಿ ಒಬ್ಬೊಬ್ಬನಿಗೆ ಅಂಗೈಯಗಲ ಉಳಿದಿದ್ದರೂ, ಆ ಕಾರಣದಿಂದ ಇಡಿಯ ಕುಲವೇ ಹಗಲಿರುಳೆನ್ನದೆ ಸರಕಾರದ ಮತ್ತು ಊರ ಬಿಟ್ಟಿ ಕೆಲಸಗಳಿಗೆ ಹಾಜರಿರಬೇಕಾಗುತ್ತಿತ್ತು. ಸುಗ್ಗಿಯಲ್ಲಿ ಕೂಲಿಯ ದರವೇರಿದಾಗಲೂ ಆ ಕೂಲಿಯನ್ನು ಗಳಿಸುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಮಹಾರಾಜರು ಈ ವತನವನ್ನು ರದ್ದು ಮಾಡಿ ಭೂಮಿಯನ್ನು ಅವರವರ ಹೆಸರಿಗೆ ರೈತಾವಾಗಿ ಪರಿವರ್ತಿಸಿದರು. ಆಯಗಾರಿಕೆಯ ಕಟ್ಟು ಸಡಿಲಿತು. ಯಾರು ಯಾವ ಕಸುಬನ್ನಾದರೂ ಹಿಡಿಯಬಹುದೆಂದಾಯಿತು. ಅನುವಂಶಿಕವಾದ ಕುಲಕರ್ಣಿಕೆಯನ್ನು ತೆಗೆದು ಸಂಬಳದ ತಲಾಠಿಗಳನ್ನು ನೇಮಿಸಲಾಯಿತು. ಬಿಟ್ಟಿ ದುಡಿಸಿಕೊಳ್ಳುವುದನ್ನೇ ನಿಷೇಧಿಸಿದ ಆಜ್ಞೆಗಳು ಮುಂದಿನ ಎರಡು ವರ್ಷಗಳಲ್ಲಿ ಹೊರಟವು.

ಅದೇ 1918ರ ಜುಲೈಯಲ್ಲಿ ಮಹಾರ, ಮಾಂಗ, ರಾಮೋಶಿ, ಬೇಡ ಜನಾಂಗಗಳು ದಿನವೂ ಚಾವಡಿಗೆ ಬಂದು ಹಾಜರಿ ಕೊಡಬೇಕೆಂಬ ಪದ್ಧತಿಯನ್ನು ಅವರು ನಿಲ್ಲಿಸಿದರು. ಹಾಜರಿಯ ಹೊತ್ತಿಗೆ ಚಾವಡಿಯಲ್ಲಿರಬೇಕಾದವನು ನಾಲ್ಕು ಹರದಾರಿ ದೂರದ ಗಾಣದಲ್ಲಿ ಕೂಲಿಗೆ ನಿಲ್ಲುವುದೆಂತು? ಕಳ್ಳನೆಂಬ ಹೆಸರು ಅವನ ಮಾನವನ್ನಷ್ಟೇ ಅಲ್ಲ, ಅನ್ನವನ್ನೂ ಕಸಿದಿತ್ತು. ಹರಣಶಿಕಾರಿಗಳಿಗೆ ಮಹಾರಾಜರು ನೆಲೆ ಕೊಟ್ಟು, ತಮ್ಮ ಬೇಟೆಯ ಪರಿವಾರದಲ್ಲಿಯೂ ಕಾವಲಿನಲ್ಲಿಯೂ ಸೇರಿಸಿಕೊಂಡರು. ಪಕ್ಕದ ಇಂಗ್ರಜ ಸೀಮೆಯಲ್ಲಿ ಯಾರಿಗಾಗಿ ಕಾವಲು ನಿಲ್ಲಿಸಿದ್ದರೋ ಅವರನ್ನೇ ಇಲ್ಲಿ ಕಾವಲಿಗೆ ನಿಲ್ಲಿಸಿದುದು ಅವರ ಧೈರ್ಯಕ್ಕೆ ಸಾಕ್ಷಿ.

ಇದರ ಮಹತ್ವವು ಹೋಲಿಕೆಯಿಂದ ಇನ್ನೂ ಸ್ಪಷ್ಟವಾಗುವುದು. ಮುಂಬಯಿ ಇಲಾಖೆಯಲ್ಲಿ ಮಹಾರ ವತನವು ಹಾಗೆಯೇ ಮುಂದುವರಿಯಿತು. ಡಾಕ್ಟರ್ ಅಂಬೇಡಕರರು 1928ರಲ್ಲಿ ಅದರ ತಿದ್ದುಪಡಿಗಾಗಿ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದರೂ ಕೈಗೂಡಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ವತನಗಳ ರದ್ದತಿಯ ಕಾಯಿದೆ ಬಂದುದು 1961ರಲ್ಲಿ. ರಾಯಬಾಗದಲ್ಲಿ 1918ರಲ್ಲಿ ಕಳಚಿದ ನೊಗವು ಹತ್ತಾರು ಮೈಲಿಗಳ ಆಚೆಯ ಚಿಕ್ಕೋಡಿ, ಅಥಣಿಗಳ ಹೆಗಲ ಮೇಲೆ ನಾಲ್ಕು ದಶಕಗಳಿಗೂ ಮಿಕ್ಕಿ ಉಳಿಯಿತು.

ಮಹಾರಾಜರ ಕಾರ್ಯರೀತಿಯನ್ನು ತೋರಿಸುವ ಒಂದು ಘಟನೆಯಿದೆ. ಅರಮನೆಯ ಲಾಯದಲ್ಲಿ ಗಂಗಾರಾಮ ಕಾಂಬಳೆ ಎಂಬ ದಲಿತ ಸೇವಕರಿದ್ದರು. ಸವರ್ಣರ ನೀರಿನ ತೊಟ್ಟಿಯನ್ನು ಮುಟ್ಟಿದುದಕ್ಕಾಗಿ ಜೊತೆಯ ಸೇವಕರು ಅವರನ್ನು ಥಳಿಸಿದರು. ಮಹಾರಾಜರು ಥಳಿಸಿದವರನ್ನು ದಂಡಿಸಿ, ಗಂಗಾರಾಮರಿಗೆ ಸ್ವತಂತ್ರ ಕಸುಬೊಂದನ್ನು ಹಿಡಿಯಲು ನೆರವಾದರು. ಅವರು ಹಿಡಿದ ಕಸುಬು ಚಹದ ಅಂಗಡಿ. ಅದು ನಿಂತುದು ಮಹಾರಾಜರ ಹಳೆಯ ಸಹಪಾಠಿಯ ಹೆಸರನ್ನು ಹೊತ್ತ ಭಾವಸಿಂಗಜಿ ರಸ್ತೆಯಲ್ಲಿ. ಆ ಅಂಗಡಿಗೆ ಗಿರಾಕಿಗಳು ಬರಲು ಹಿಂಜರಿದಾಗ ಛತ್ರಪತಿಗಳು ತಾವೇ ಗಾಡಿಯನ್ನು ನಿಲ್ಲಿಸಿ ಅಲ್ಲಿಯ ಚಹವನ್ನು ಕುಡಿದರು. ಜೊತೆಯಲ್ಲಿದ್ದ ಸರದಾರರೂ ಅಧಿಕಾರಿಗಳೂ ಕುಡಿಯಲೇಬೇಕಾಯಿತು. ಚಹವು ಆ ಕಾಲದ ವಸಾಹತು ವ್ಯಾಪಾರದ ಅಚ್ಚುಮೆಚ್ಚಿನ ಬೆಳೆ. ಅಸಾಮದ ತೋಟಗಳಲ್ಲಿ ಅದನ್ನು ಕೀಳುತ್ತಿದ್ದವರು ಛೋಟಾನಾಗಪುರದಿಂದ ಕರಾರಿನ ಮೇಲೆ ಸಾಗಿಸಿ ತಂದ ಆದಿವಾಸಿಗಳು. ದುಡಿಯುವವನನ್ನು ಜೀತಕ್ಕಿಳಿಸಿದ ಆ ಬೆಳೆಯೇ ಕೊಲ್ಹಾಪುರದ ಒಂದು ಬೀದಿಯಲ್ಲಿ ಒಬ್ಬ ದಲಿತನನ್ನು ಅಂಗಡಿಯ ಯಜಮಾನನನ್ನಾಗಿ ಮಾಡಿತು. ಅದಕ್ಕೆ ಕಾರಣ ಚಹದ ಗುಣವಲ್ಲ, ಅರಸನೊಬ್ಬನು ಅಲ್ಲಿ ಕುಳಿತು ಅದನ್ನು ಕುಡಿದ ಸಂಗತಿ.

1920ರಲ್ಲಿ ಅವರ ಸಂಚಾರವು ಎಡೆಬಿಡದೆ ನಡೆಯಿತು. ಮಾರ್ಚ್ ತಿಂಗಳಲ್ಲಿ ಕಾಗಲ ಜಹಗೀರಿನ ಮಾಣಗಾವಿಯಲ್ಲಿ ಅಸ್ಪೃಶ್ಯರ ಪರಿಷತ್ತು ಕೂಡಿತು. ತರುಣ ಅಂಬೇಡಕರರು ಅದರ ಅಧ್ಯಕ್ಷರು. ಮಹಾರಾಜರು ತಾವಾಗಿ ಬಂದು, ಆ ಜನರಿಗೆ ಅವರೊಳಗಿನವನೇ ಆದ ನಾಯಕನು ದೊರೆತನೆಂದು ಸಂತೋಷಪಟ್ಟರು. ಜುಲೈ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಕೂಡಿದ ಕರ್ನಾಟಕ ಬ್ರಾಹ್ಮಣೇತರ ಪರಿಷತ್ತಿನ ಅಧ್ಯಕ್ಷತೆಯನ್ನು ವಹಿಸಲು ಬಂದರು. ಹುಡುಗನಾಗಿ ಕಲಿತ ಸೀಮೆಗೆ ಅವರು ಹೀಗೆ ಹಿರಿಯರಾಗಿ ಮರಳಿದರು. ಆದರೆ ದೇಹವು ಜರ್ಜರಿತವಾಗಿತ್ತು. 1922ರ ಮೇ 6ರಂದು ಮುಂಬಯಿಯಲ್ಲಿ, 48 ವರ್ಷಗಳು ತುಂಬುವ ಮೊದಲೇ, ಅವರು ಕಾಲವಾದರು.

ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಅವರ ಮಿತಿಗಳನ್ನು ಮರೆಮಾಚುವುದು ಅವರಿಗೆ ಮಾಡುವ ಗೌರವವಲ್ಲ. ಶಾಹು ಅವರು ಕೊನೆಯವರೆಗೂ ಇಂಗ್ರಜರ ಮಾಂಡಲಿಕರಾಗಿಯೇ ಉಳಿದರು; ಮೊದಲನೆಯ ಮಹಾಯುದ್ಧಕ್ಕೆ ತಮ್ಮ ಪ್ರಜೆಗಳಿಂದ ಸಿಪಾಯಿಗಳನ್ನು ಕೂಡಿಸಿ ಕೊಟ್ಟರು; ರಾಷ್ಟ್ರೀಯ ಚಳವಳಿಯ ಧುರೀಣರೊಡನೆ ಅವರ ಸಂಬಂಧ ಕಹಿಯಾಗಿತ್ತು. ಬೆಳೆಯ ಬೆಲೆಯನ್ನು ಕಟ್ಟುವ ದೂರದ ಪೇಟೆಗಳ ಮೇಲೆ ಯಾವ ಸಂಸ್ಥಾನಿಕನ ಕೈಯೂ ನಡೆಯುವಂತಿರಲಿಲ್ಲ. ರಾಧಾನಗರಿಯ ಒಡ್ಡಿನ ಕೆಲಸವು ಹಣ ಸಾಲದೆ 1918ರಲ್ಲಿ ನಿಂತುಹೋಗಿ, ಪೂರ್ಣಗೊಂಡುದು 1957ರಲ್ಲಿ. ಆ ವೇಳೆಗೆ ಸಂಸ್ಥಾನವೇ ಇರಲಿಲ್ಲ. 1949ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ರಾಯಬಾಗವು ಬೆಳಗಾವಿ ಜಿಲ್ಲೆಗೆ ಬಂದಿತ್ತು. ಒಡ್ಡಿನ ನೀರು ಹರಿದುದು ಹೊಲವುಳ್ಳವರ ಕಬ್ಬಿಗೆ. ಹೊಲವೇ ಇಲ್ಲದವನಿಗೆ ಕಾಲುವೆಯಿಂದ ಬರುವುದು ಕೂಲಿಯಷ್ಟೆ.

1939ರಲ್ಲಿ ಉಗಾರದಲ್ಲಿ ಸಕ್ಕರೆಯ ಕಾರಖಾನೆಯು ಸ್ಥಾಪಿತವಾದ ಮೇಲೆ ಕೃಷ್ಣೆಯ ಈ ದಂಡೆಯೂ ಕಬ್ಬಿನ ನಾಡಾಯಿತು. ನಿಪ್ಪಾಣಿಯಲ್ಲಿ ಹೊಗೆಸೊಪ್ಪಿನ ಬೆಲೆಗಾಗಿ ರೈತರು 1981ರಲ್ಲಿ ಬೀದಿಗಿಳಿದು ಗುಂಡಿನ ಏಟಿಗೆ ಪ್ರಾಣ ತೆತ್ತರು. ಕಬ್ಬಿನ ಹಂಗಾಮು ಬಂದಾಗ ಇಂದಿಗೂ ಬೀಡ, ವಿಜಯಪುರಗಳ ಕಡೆಯಿಂದ ಕಬ್ಬು ಕಡಿಯುವ ಟೋಳಿಗಳು ಮುಂಗಡ ಹಣದ ಋಣ ಹೊತ್ತು, ಮಕ್ಕಳುಮರಿಗಳನ್ನು ಕಟ್ಟಿಕೊಂಡು ಬರುತ್ತವೆ. ಹೊಲದ ಬದುವಿನಲ್ಲಿ ಗುಡಿಸಲು ಹಾಕಿ ನಾಲ್ಕೈದು ತಿಂಗಳು ಕಳೆಯುತ್ತವೆ. ಆ ಗುಡಿಸಲುಗಳಲ್ಲಿ ಶಾಲೆ ತಪ್ಪಿದ ಮಕ್ಕಳೂ ಇರುತ್ತಾರೆ.

ಶಾಹು ಮಹಾರಾಜರು 1895ರಲ್ಲಿ ಪೇಟೆಯಿಂದ ಆರಂಭಿಸಿದರು. 1902ರಲ್ಲಿ ನೌಕರಿಗೂ, 1917ರಲ್ಲಿ ಶಾಲೆಗೂ, 1918ರಲ್ಲಿ ಬಿಟ್ಟಿಯ ನೊಗಕ್ಕೂ ಬಂದರು. ಬೆಳೆಯ ವ್ಯಾಪಾರವು ನಾಡಿಗೆ ಸಂಪತ್ತನ್ನು ತರಬಲ್ಲುದು. ಅದನ್ನು ಹಂಚುವ ಕೆಲಸ ಮಾತ್ರ ವ್ಯಾಪಾರದಿಂದ ಆಗುವುದಲ್ಲ, ಅದಕ್ಕೆ ಬೇರೆಯೇ ಕಾಯಿದೆ, ಬೇರೆಯೇ ಶಾಲೆ, ಬೇರೆಯೇ ಎದೆಗಾರಿಕೆ ಬೇಕು ಎಂಬ ತಿಳಿವಿನತ್ತ ಅವರು ಹೆಜ್ಜೆಹೆಜ್ಜೆಯಾಗಿ ನಡೆದುದನ್ನು ಈ ಇಪ್ಪತ್ತೆಂಟು ವರ್ಷಗಳ ಆಳಿಕೆಯಲ್ಲಿ ಕಾಣಬಹುದು. ಮಗುವನ್ನು ಶಾಲೆಗೆ ಕಳಿಸದವನಿಗೆ ಅವರು ವಿಧಿಸಿದ ಒಂದು ರೂಪಾಯಿಯ ದಂಡವನ್ನು, ಕಬ್ಬಿನ ಹಂಗಾಮಿನ ಈ ದಿನಗಳಲ್ಲಿ ಯಾರು ಯಾರಿಗೆ ತೆರಬೇಕೆಂಬುದು ನಾವು ಉತ್ತರ ಹೇಳಬೇಕಾದ ಪ್ರಶ್ನೆಯಾಗಿದೆ.